ಅಂಧೇರಿಯಿಂದ ಊರಿಗೆ, ಊರಿನಿಂದ ಅಂಧೇರಿಗೆ

ಮೇ ತಿಂಗಳು ಹತ್ತಿರವಾಯಿತೆಂದರೆ ಮುಂಬಯಿಯಲ್ಲಿರುವ ನಮ್ಮವರ ಮನೆಗಳಲ್ಲಿ ಕೇಳುವುದು ಒಂದೇ ಪ್ರಶ್ನೆ: "ಊರಿಗೆ ಯಾವಾಗ?" ಇಲ್ಲೇ ಹುಟ್ಟಿ ಇಲ್ಲೇ ಬೆಳೆದ ನಮ್ಮಂಥವರಿಗೂ ಊರು ಎಂದರೆ ಅಂಧೇರಿಯಲ್ಲ. ಚಕಾಲದ ನಮ್ಮ ಮನೆ "ರೂಮು". ನಾವುಂದದ ಹತ್ತಿರ ಅಜ್ಜಯ್ಯ ಬಿಟ್ಟುಹೋದ ಹೆಂಚಿನ ಮನೆ "ಮನೆ". ವರ್ಷದ ಹನ್ನೊಂದು ತಿಂಗಳು ವಾಸಿಸುವ ಜಾಗಕ್ಕೆ ರೂಮೆಂದೂ, ಹನ್ನೆರಡು ದಿನ ಇದ್ದು ಬರುವ ಜಾಗಕ್ಕೆ ಮನೆಯೆಂದೂ ಹೆಸರು. ಗೆಳೆಯರೇ, ನಿಮ್ಮ ಮನೆಗಳಲ್ಲೂ ಹೀಗೆಯೇ ಇರಬಹುದು. ಈ ಎರಡು ಹೆಸರುಗಳ ನಡುವೆ ನನ್ನ ಮೊದಲ ಮತ ಕಳೆದುಹೋದ ಕತೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಅದು 2024ರ ಮೇ ತಿಂಗಳು. ಮತ್ಸ್ಯಗಂಧ ರೈಲಿನ ಟಿಕೇಟು ಎಂದಿನಂತೆ ಸಿಗಲಿಲ್ಲ. ಅಪ್ಪಯ್ಯ, "ಕಾರಲ್ಲೇ ಹೋಪ" ಎಂದರು. ಕರಾವಳಿಯ ಹೆದ್ದಾರಿ ಹಿಡಿದರೆ ದೂರ ಕಡಿಮೆ, ಆದರೆ 2011ರಲ್ಲಿ ಶುರುವಾದ ಮುಂಬಯಿ-ಗೋವಾ ರಸ್ತೆಯ ಅಗಲೀಕರಣ ಆ ವರ್ಷವೂ ಮುಗಿದಿರಲಿಲ್ಲ. ಆದ್ದರಿಂದ ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಯ ಮೇಲೆ ಹೋಗಿ ಅಂಕೋಲಾದಲ್ಲಿ ಸಮುದ್ರ ಸೇರುವುದೆಂದು ತೀರ್ಮಾನವಾಯಿತು. ಎಂಟುನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಕಾರಿನಲ್ಲಿ ಅಪ್ಪಯ್ಯ, ಅಮ್ಮ, ಅಜ್ಜಿ, ನಾನು ಮತ್ತು ಹದಿನಾರು ವರ್ಷದ ತಮ್ಮ. ಹಿಂದೆ ಎರಡು ಸೂಟ್‌ಕೇಸು, ಊರಿನವರಿಗೆ ಹಂಚಲು ಫರ್ಸಾಣಿನ ಪೊಟ್ಟಣಗಳು, ಅಜ್ಜಿಯ ಔಷಧಿ ಚೀಲ.

ಆ ವರ್ಷ ಲೋಕಸಭೆಯ ಚುನಾವಣೆ ಏಳು ಹಂತಗಳಲ್ಲಿ ನಡೆಯಿತು. ಉಡುಪಿ, ಮಂಗಳೂರಿನ ಕಡೆ ಏಪ್ರಿಲ್ 26ರಂದು, ಉತ್ತರ ಕರ್ನಾಟಕದಲ್ಲಿ ಮೇ 7ರಂದು, ಮುಂಬಯಿಯಲ್ಲಿ ಮೇ 20ರಂದು ಮತದಾನ. ನನ್ನ ಕೈಗೆ ಗುರುತಿನ ಚೀಟಿ ಬಂದು ಕೆಲವೇ ತಿಂಗಳಾಗಿತ್ತು. ಆ ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡೇ ಕಾರು ಹತ್ತಿದೆ. ಮೇ 10ಕ್ಕೆ ಹೊರಟು 18ರ ಶನಿವಾರ ಊರು ಬಿಡುವುದು, 19ಕ್ಕೆ ಅಂಧೇರಿ, 20ಕ್ಕೆ ವೋಟು. ಇದು ನಾನು ಹಾಕಿದ ಲೆಕ್ಕ. ಅಪ್ಪಯ್ಯ ಹೂಂ ಎಂದರು. ಆದರೆ ಆ ಹೂಂನಲ್ಲಿ ಜೀವವಿರಲಿಲ್ಲ.

"ನಾಲ್ಕ್ ವೋಟಿಂದ ಎಂತ ಆತ್ತ್ ಮಗಾ?" ಎಂದು ಪವಾಯಿಯ ಸಿಗ್ನಲಿನಲ್ಲೇ ಕೇಳಿದರು. ಅವರ ಮಾತಿಗೆ ಆಧಾರವಿರಲಿಲ್ಲವೆಂದಲ್ಲ. ಅಂಧೇರಿ ಸೇರಿರುವ ವಾಯವ್ಯ ಮುಂಬಯಿ ಕ್ಷೇತ್ರದಲ್ಲಿ 2019ರ ಗೆಲುವಿನ ಅಂತರ ಎರಡೂವರೆ ಲಕ್ಷ ದಾಟಿತ್ತು. ಪಕ್ಕದ ಉತ್ತರ ಮುಂಬಯಿಯಲ್ಲಿ ನಮ್ಮವರೇ ಆದ ಗೋಪಾಲ ಶೆಟ್ಟಿಯವರು 2014ರಲ್ಲೂ 2019ರಲ್ಲೂ ಗೆದ್ದದ್ದು ನಾಲ್ಕು ಲಕ್ಷಕ್ಕೂ ಹೆಚ್ಚಿನ ಅಂತರದಿಂದ. ಇಂಥ ಲಕ್ಷಗಳ ಸಂತೆಯಲ್ಲಿ ನಮ್ಮ ನಾಲ್ಕು ಮತ ಯಾರ ಕಣ್ಣಿಗೆ ಬಿದ್ದೀತು? ಮರೋಳದಲ್ಲಿ ಅವರು ನಡೆಸುವ ಸಣ್ಣ ಹೋಟೆಲಿನಲ್ಲಿ ದಿನಕ್ಕೆ ಮೂರು ಚಹಾ ಲೆಕ್ಕ ತಪ್ಪಿದರೂ ಅಪ್ಪಯ್ಯನಿಗೆ ನಿದ್ದೆ ಬರುವುದಿಲ್ಲ, ಅದು ಬೇರೆ ವಿಷಯ.

ನಮ್ಮ ಅಂಧೇರಿಯ ಜನ ಚುನಾವಣೆಯನ್ನು ಹೇಗೆ ಕಾಣುತ್ತಾರೆಂಬುದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. 2022ರ ನವೆಂಬರ್ 3ರಂದು ಅಂಧೇರಿ ಪೂರ್ವ ವಿಧಾನಸಭಾ ಕ್ಷೇತ್ರಕ್ಕೆ ಉಪಚುನಾವಣೆ ನಡೆಯಿತು. ಮತ ಹಾಕಿದವರು ನೂರಕ್ಕೆ 32ಕ್ಕಿಂತಲೂ ಕಡಿಮೆ. ಋತುಜಾ ಲಟ್ಕೆಯವರು ಸುಲಭವಾಗಿ ಗೆದ್ದರು. ಎರಡನೆಯ ಸ್ಥಾನ ಯಾರಿಗೆ ಗೊತ್ತೇ? "ಯಾರೂ ಬೇಡ" ಎಂಬ ಗುಂಡಿಗೆ. ಅದಕ್ಕೆ ಬಿದ್ದ ಮತ ಹನ್ನೆರಡು ಸಾವಿರಕ್ಕೂ ಹೆಚ್ಚು. ಕಾಲೇಜಿನಲ್ಲಿ ನಾವು ಇದನ್ನು ಹೇಳಿಕೊಂಡು ನಗುತ್ತಿದ್ದೆವು.

ಲೋನಾವಳಾದ ಘಾಟಿ ಹತ್ತುವ ಹೊತ್ತಿಗೆ ಕಾರಿನೊಳಗೆ ರಾಜಕೀಯ ಶುರುವಾಗಿತ್ತು. ಈ ಸಲ ನಮ್ಮ ಕ್ಷೇತ್ರದಲ್ಲಿ ಎದುರಾಳಿಗಳಾದ ರವೀಂದ್ರ ವಾಯ್ಕರ್ ಮತ್ತು ಅಮೋಲ್ ಕೀರ್ತಿಕರ್ ಇಬ್ಬರೂ, 2022ರಲ್ಲಿ ಎರಡು ಹೋಳಾದ ಒಂದೇ ಶಿವಸೇನೆಯ ಎರಡು ಕಡೆಯವರು. ಅಮೋಲರ ತಂದೆ ಗಜಾನನ ಕೀರ್ತಿಕರ್ 2014ರಿಂದ ಇದೇ ಕ್ಷೇತ್ರದ ಸಂಸದರು. ಪಕ್ಷ ಒಡೆದಾಗ ತಂದೆ ಒಂದು ಕಡೆ, ಮಗ ಇನ್ನೊಂದು ಕಡೆ. ನಮ್ಮ ಮನೆಯಲ್ಲೂ ಹಾಗೆಯೇ ಆಗಿತ್ತು. ಅಪ್ಪಯ್ಯನಿಗೆ ಒಬ್ಬರು ಸರಿ, ಅಮ್ಮನಿಗೆ ಇನ್ನೊಬ್ಬರು ಸರಿ. ಯಾರಿಗೆ ಯಾರು ಎಂದು ಇಲ್ಲಿ ಬರೆದರೆ ಮನೆಯಲ್ಲಿ ಊಟ ಸಿಗಲಿಕ್ಕಿಲ್ಲ. ನಾನು ಇನ್ನೂ ತೀರ್ಮಾನಿಸಿರಲಿಲ್ಲ. ಅಜ್ಜಿ ಮಾತ್ರ ಕಿಟಕಿಯ ಹೊರಗೆ ನೋಡುತ್ತಾ ಸುಮ್ಮನಿದ್ದರು.

ನಾನು ಕೇಳಿದೆ, "ಅಜ್ಜೀ, ಆ ಕಾಲದಲ್ಲಿ ಇದೇ ಪಕ್ಷ ನಮ್ಮವರ ವಿರುದ್ಧವೇ ಹುಟ್ಟಿದ್ದಲ್ಲವೇ? ಈಗ ಇವರೇ ಎರಡಾಗಿ ನಮ್ಮ ವೋಟು ಕೇಳುತ್ತಾರಲ್ಲ?"

ಇತಿಹಾಸದ ಪುಸ್ತಕ ಹೇಳುವುದಿಷ್ಟು: 1966ರ ಜೂನ್ 19ರಂದು ಶಿವಸೇನೆ ಸ್ಥಾಪನೆಯಾಯಿತು. ಅದಕ್ಕೂ ಮೊದಲೇ 'ಮಾರ್ಮಿಕ್' ವಾರಪತ್ರಿಕೆಯಲ್ಲಿ ಮುಂಬಯಿಯ ಕಚೇರಿಗಳಲ್ಲಿರುವ ದಕ್ಷಿಣದವರ ಹೆಸರುಗಳ ಪಟ್ಟಿ ಅಚ್ಚಾಗುತ್ತಿತ್ತು. 1969ರ ಫೆಬ್ರವರಿಯಲ್ಲಿ ಬೆಳಗಾವಿ ಗಡಿಯ ಪ್ರಶ್ನೆಯ ಮೇಲೆ ಮುಂಬಯಿಯಲ್ಲಿ ದೊಡ್ಡ ಗಲಭೆಯಾಗಿ ಹಲವರು ಸತ್ತರು. ಆದರೆ ಇದೇ ಮುಂಬಯಿ, 1967ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಅವರನ್ನು ದಕ್ಷಿಣ ಮುಂಬಯಿಯಿಂದ ಆರಿಸಿ ಕಳಿಸಿತು, ಸೋತವರು ಎಸ್.ಕೆ. ಪಾಟೀಲರಂಥ ಘಟಾನುಘಟಿ. ಎರಡೂ ಒಂದೇ ಊರಿನಲ್ಲಿ, ಒಂದು ವರ್ಷದ ಅಂತರದಲ್ಲಿ ಆದದ್ದು. ನಮಗೆ ಮೊದಲನೆಯದನ್ನು ಹೇಳಿಕೊಟ್ಟಷ್ಟು ಎರಡನೆಯದನ್ನು ಯಾರೂ ಹೇಳಿಕೊಡುವುದಿಲ್ಲ.

ಅಜ್ಜಿ ಹೇಳಿದ್ದು ಪುಸ್ತಕದಲ್ಲಿಲ್ಲ. ಅಜ್ಜಯ್ಯ ಆಗ ಅಂಧೇರಿ ಸ್ಟೇಶನ್ ಹತ್ತಿರದ ಹೋಟೆಲೊಂದರ ಗಲ್ಲದಲ್ಲಿ ಕೂರುತ್ತಿದ್ದರಂತೆ. ಗಲಭೆಯ ಸುದ್ದಿ ಬಂದ ರಾತ್ರಿ ಏಣಿ ಹಾಕಿ, ಬೋರ್ಡಿನ ಮೇಲಿದ್ದ "ಉಡುಪಿ" ಎಂಬ ಅಕ್ಷರಗಳ ಮೇಲೆ ಬಿಳಿ ಬಣ್ಣ ಬಳಿದರು. ಬರೇ "ಹೋಟೆಲ್" ಎಂದು ಉಳಿಯಿತು. "ಯಾರೂ ಹೊಡುಕ್ ಬರ್ಲಿಲ್ಲೆ. ಹೆದ್ರಿ ನಾವೇ ಅಳ್ಸಿದ್," ಎಂದರು ಅಜ್ಜಿ. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, ಅದಾದ ನಂತರದ ಯಾವ ಚುನಾವಣೆಯಲ್ಲೂ ಅಜ್ಜಯ್ಯ ಮತ ತಪ್ಪಿಸಿದವರಲ್ಲ, ತಾನೂ ತಪ್ಪಿಸಿದವಳಲ್ಲ ಎಂದು ಸೇರಿಸಿದರು. ಬೋರ್ಡಿಗೂ ವೋಟಿಗೂ ಏನು ಸಂಬಂಧವೆಂದು ಅವರು ಬಿಡಿಸಿ ಹೇಳಲಿಲ್ಲ. ಅಪ್ಪಯ್ಯ ಕನ್ನಡಿಯಲ್ಲಿ ಅಜ್ಜಿಯ ಮುಖ ನೋಡಿ ಗೇರು ಬದಲಿಸಿದರು.

ಪುಣೆಯಲ್ಲಿ ಮೇ 13ಕ್ಕೆ ಮತದಾನವಿತ್ತು. ಧ್ವನಿವರ್ಧಕದ ರಿಕ್ಷಾಗಳು ರಸ್ತೆಯ ತುಂಬ. ಸಾತಾರಾ, ಕೊಲ್ಹಾಪುರ ಮೇ 7ಕ್ಕೇ ಮುಗಿಸಿಕೊಂಡು ಶಾಂತವಾಗಿದ್ದವು. ಊಟಕ್ಕೆ ನಿಂತಲ್ಲಿ ಬಡಿಸುವವನ ಎಡಗೈ ತೋರುಬೆರಳಲ್ಲಿ ಶಾಯಿ, ಟೋಲಿನಲ್ಲಿ ರಸೀದಿ ಕೊಟ್ಟವಳ ಬೆರಳಲ್ಲಿ ಶಾಯಿ. ತಮ್ಮ ಎಣಿಸಲು ಶುರುಮಾಡಿದ. ಕಾರಿನೊಳಗಿನ ಬೆರಳುಗಳು ಮಾತ್ರ ಸ್ವಚ್ಛ.

ಕಾಗಲ್ ದಾಟಿದರೆ ಕರ್ನಾಟಕ. ನಿಪ್ಪಾಣಿಯಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಹೊಗೆಸೊಪ್ಪಿನ ಊರು, 1981ರಲ್ಲಿ ಇಲ್ಲಿನ ತಂಬಾಕು ಬೆಳೆಗಾರರು ಹೆದ್ದಾರಿಯನ್ನೇ ತಡೆದು ದೊಡ್ಡ ಚಳವಳಿ ನಡೆಸಿದ್ದರು. ಅಂಗಡಿಯ ಯಜಮಾನರು ಅಪ್ಪಯ್ಯನೊಡನೆ ಮರಾಠಿಯಲ್ಲಿ ಮಾತಾಡಿದರು, ಚಹಾ ತಂದ ಹುಡುಗನಿಗೆ ಕನ್ನಡದಲ್ಲಿ ಬೈದರು, ಫೋನಿನಲ್ಲಿ ಎರಡನ್ನೂ ಬೆರೆಸಿದರು. ಅಜ್ಜಿ ಅವರ ಬೆರಳಿನ ಶಾಯಿ ನೋಡಿ, "ಇದು ಎಲ್ಲಿಂದ ಬತ್ತ್ ಗೊತ್ತಿತ್ತಾ?" ಎಂದು ತಮ್ಮನನ್ನು ಕೇಳಿದರು. ಅವನಿಗೆ ಗೊತ್ತಿರಲಿಲ್ಲ, ನಾಚಿಕೆಯ ವಿಷಯವೆಂದರೆ ನನಗೂ ಗೊತ್ತಿರಲಿಲ್ಲ. ಮೈಸೂರಿನಿಂದ! ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಶುರುವಾದ ಬಣ್ಣ ಮತ್ತು ಅರಗಿನ ಕಾರ್ಖಾನೆಯದು. 1962ರ ಮಹಾಚುನಾವಣೆಯಿಂದ ಈಚೆಗೆ ದೇಶದ ಮತದಾರರ ಬೆರಳಿಗೆ ಬೀಳುವ ಶಾಯಿ ಅಲ್ಲಿಯದೇ. ಅಜ್ಜಯ್ಯ ಯಾವುದೋ ಪತ್ರಿಕೆಯಲ್ಲಿ ಓದಿ ಹೇಳಿದ್ದರಂತೆ.

ಈ ಗಡಿಯ ಜಗಳದ ಬಗ್ಗೆ ನಮ್ಮ ಓರಗೆಯವರಿಗೆ ತಿಳಿದಿರುವುದು ಟಿ.ವಿ.ಯಲ್ಲಿ ಬರುವಷ್ಟೇ. ಆದ್ದರಿಂದ ಎರಡು ಮಾತು. 1956ರ ನವೆಂಬರ್ 1ರವರೆಗೆ ಬೆಳಗಾವಿ, ವಿಜಯಪುರ, ಧಾರವಾಡ, ಉತ್ತರ ಕನ್ನಡ ಈ ನಾಲ್ಕೂ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿದ್ದವು. ಧಾರವಾಡದವನಿಗೆ ಆಗ ರಾಜಧಾನಿ ಬೆಂಗಳೂರಲ್ಲ, ಮುಂಬಯಿ. ನಮ್ಮ ಕುಂದಾಪುರದವರಿಗೆ ಮದರಾಸು. ರಾಜ್ಯಗಳು ಭಾಷೆಯ ಮೇಲೆ ಬೇರೆಯಾದಾಗ ಬೆಳಗಾವಿ ಮೈಸೂರು ರಾಜ್ಯಕ್ಕೆ ಬಂತು, ಆ ಜಿಲ್ಲೆಯ ಚಂದಗಡ ತಾಲೂಕು ಅತ್ತ ಹೋಯಿತು. ಮಹಾರಾಷ್ಟ್ರ ಒಪ್ಪಲಿಲ್ಲ. 1966ರಲ್ಲಿ ನಿವೃತ್ತ ಮುಖ್ಯ ನ್ಯಾಯಾಧೀಶ ಮೆಹರ್‌ಚಂದ್ ಮಹಾಜನರ ಆಯೋಗ ನೇಮಕವಾಯಿತು. ಮರುವರ್ಷ ಬಂದ ವರದಿ, ಬೆಳಗಾವಿ ಇದ್ದಲ್ಲೇ ಇರಲಿ, 264 ಹಳ್ಳಿ-ಪಟ್ಟಣ ಮಹಾರಾಷ್ಟ್ರಕ್ಕೆ ಹೋಗಲಿ, ಅಕ್ಕಲಕೋಟೆಯೂ ಸೇರಿದಂತೆ 247 ಇತ್ತ ಬರಲಿ ಎಂದಿತು. ಅತ್ತ ಹೋಗಬೇಕೆಂದಿದ್ದ ಪಟ್ಟಿಯಲ್ಲಿ ನಾವು ಚಹಾ ಕುಡಿದ ನಿಪ್ಪಾಣಿಯೂ ಇತ್ತು. ಕರ್ನಾಟಕ ಒಪ್ಪಿತು, ಮಹಾರಾಷ್ಟ್ರ ತಳ್ಳಿಹಾಕಿತು, ಎಲ್ಲವೂ ಇದ್ದಲ್ಲೇ ಉಳಿಯಿತು. 2004ರಲ್ಲಿ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಇಪ್ಪತ್ತು ವರ್ಷದ ನಂತರ ನಾವು ಆ ದಾರಿಯಲ್ಲಿ ಹೋದಾಗಲೂ ತೀರ್ಪು ಬಂದಿರಲಿಲ್ಲ.

ಬೆಳಗಾವಿ ದಾಟುತ್ತಲೇ ಹೆದ್ದಾರಿಯ ಪಕ್ಕ ಗುಡ್ಡದ ಮೇಲೆ ಸುವರ್ಣ ವಿಧಾನಸೌಧ ಕಾಣುತ್ತದೆ. 2012ರಲ್ಲಿ ಉದ್ಘಾಟನೆಯಾದ ಕಟ್ಟಡ. ಚಳಿಗಾಲದ ಅಧಿವೇಶನದ ಕೆಲವು ದಿನ ಬಿಟ್ಟರೆ ಬೆಳ್ಳಗೆ, ದೊಡ್ಡದಾಗಿ, ಸುಮ್ಮನೆ ನಿಂತಿರುತ್ತದೆ. ಅಲ್ಲಿಂದ ಸ್ವಲ್ಪ ಮುಂದೆ ಹಿರೇಬಾಗೇವಾಡಿ ಟೋಲು. 2022ರ ಡಿಸೆಂಬರ್ 6ರಂದು ಮಹಾರಾಷ್ಟ್ರದ ನಂಬರಿನ ಲಾರಿಗಳಿಗೆ ಕಲ್ಲು ಬಿದ್ದದ್ದು ಈ ಟೋಲಿನ ಹತ್ತಿರವೇ. ಅದೇ ವಾರ ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ನಮ್ಮ ಕಾರಿನ ನಂಬರು ಎಂ.ಎಚ್. 02, ಅಂದರೆ ಅಂಧೇರಿಯ ಆರ್.ಟಿ.ಓ. ಆ ಟೋಲಿನಲ್ಲಿ ಅಮ್ಮ ಅಗತ್ಯಕ್ಕಿಂತ ಗಟ್ಟಿಯಾಗಿ ಕನ್ನಡ ಮಾತಾಡಿದರು. ಟೋಲಿನವನು ತಲೆಯೆತ್ತಿಯೂ ನೋಡಲಿಲ್ಲ. ಅಜ್ಜಯ್ಯನ ಬಿಳಿ ಬಣ್ಣದ ಡಬ್ಬಿ ನನಗೆ ಅಲ್ಲಿ ನೆನಪಾಯಿತು.

ಕಿತ್ತೂರು, ಧಾರವಾಡ, ಹುಬ್ಬಳ್ಳಿ. ಮತ್ತೆ ಯಲ್ಲಾಪುರದ ಕಾಡು, ಅರಬೈಲ್ ಘಾಟಿ. ಕಿಟಕಿ ಇಳಿಸಿದರೆ ಉಪ್ಪಿನ ಗಾಳಿ. ರಾತ್ರಿ ಹತ್ತೂವರೆಗೆ ಮನೆ ಮುಟ್ಟಿದಾಗ ಪಕ್ಕದ ಮನೆಯ ಮಕ್ಕಳು ಕಾರಿನ ನಂಬರು ನೋಡಿ ಕೂಗಿದವು: "ಬೊಂಬಾಯಿಯರ್ ಬಂದ್ರ್!"

ಊರಿನ ದಿನಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ; ಹಲಸಿನ ಹಣ್ಣು, ಕೊಚ್ಚಕ್ಕಿ ಗಂಜಿ, ಮರವಂತೆಯ ಕಡಲು, ಸೆಕೆ, ಇವೆಲ್ಲ ನಿಮಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ಕುಂದಾಪುರ ಪೇಟೆಯವರು ಉಡುಪಿ-ಚಿಕ್ಕಮಗಳೂರು ಕ್ಷೇತ್ರಕ್ಕೆ ಮತ ಹಾಕಿದರೆ, ಹತ್ತಿಪ್ಪತ್ತು ಕಿಲೋಮೀಟರ್ ಉತ್ತರದ ನಾವುಂದದವರು ಬೈಂದೂರು ವಿಧಾನಸಭಾ ಕ್ಷೇತ್ರದವರಾದ್ದರಿಂದ ಘಟ್ಟದ ಮೇಲಿನ ಶಿವಮೊಗ್ಗದ ಸಂಸದರನ್ನು ಆರಿಸಬೇಕು. ಪೇಟೆಯವರದ್ದು ಏಪ್ರಿಲಿನಲ್ಲೇ ಮುಗಿದಿತ್ತು, ಮಾವನ ಬೆರಳಿನ ಶಾಯಿ ಮೂರು ದಿನದ್ದು. "ನಮ್ದ್ ಆಯ್ತ್. ನಿಮ್ದ್ ಯಾವತ್ತ್?" ಎಂದು ಅವರು ಕೇಳಿದರು. ನಾನು 20ಕ್ಕೆ ಎಂದೆ. ಮಾವ ತಲೆ ತುರಿಸಿಕೊಂಡರು. ಹೇಳಿಕೊಂಡಿದ್ದ ಹರಕೆ ಆಟ ಈ ವರ್ಷ ಮೇ 18ರ ರಾತ್ರಿಗೆ ಸಿಕ್ಕಿದೆ. ಇನ್ನು ಕೆಲವೇ ದಿನಗಳಲ್ಲಿ ಮೇಳದ ತಿರುಗಾಟವೇ ಮುಗಿಯುತ್ತದೆ. ಬೇರೆ ದಿನ ಇಲ್ಲ.

ಅಪ್ಪಯ್ಯ ಆ ಮನೆಯ ಹಿರಿ ಮಗ. "ಆಟ ಬಿಟ್ಕಂಡ್ ಹೋಪ್ದಾ? ಜನ ಎಂತ ಹೇಳ್ತ್ರ್?" ಎಂಬ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ ಆಟ ನೋಡುವ ಆಸೆ ನನಗೂ ಇತ್ತು. ಮಾವ ಮಾತ್ರ ಒಂದು ಕತೆ ಹೇಳಿದರು. 2004ರಲ್ಲಿ ಚಾಮರಾಜನಗರದ ಕಡೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿಯವರ ಎದುರು ಗೆದ್ದದ್ದು ಒಂದೇ ಒಂದು ಮತದಿಂದ. ಸೋತವರ ಕಾರಿನ ಚಾಲಕನಿಗೇ ಆ ದಿನ ಮತ ಹಾಕಲು ಬಿಡುವು ಸಿಕ್ಕಿರಲಿಲ್ಲವೆಂದು ಜನ ಹೇಳುತ್ತಾರಂತೆ. ಅಪ್ಪಯ್ಯ ನಕ್ಕು, "ಅದ್ ಹಳ್ಳಿ ಮಾರಾಯಾ, ಇದ್ ಬೊಂಬಾಯಿ" ಎಂದರು. ಲೆಕ್ಕ ಬದಲಾಯಿತು: 18ರ ರಾತ್ರಿ ಆಟ, 19ರ ಬೆಳಿಗ್ಗೆ ಹೊರಟರೆ 20ರ ನಸುಕಿಗೆ ಅಂಧೇರಿ. ವೋಟು ಸಂಜೆ ಆರರವರೆಗೆ ಇದೆಯಲ್ಲ!

ಆಟ ಚೆನ್ನಾಗಿತ್ತು. ಬೆಳಗಿನ ಜಾವದ ಚೆಂಡೆಯ ಪೆಟ್ಟಿಗೆ ಅಜ್ಜಿ ಕುರ್ಚಿಯಲ್ಲೇ ತೂಕಡಿಸಿದ್ದು ಬಿಟ್ಟು ಉಳಿದ ನಾವೆಲ್ಲ ಎಚ್ಚರವಿದ್ದೆವು. ಅಪ್ಪಯ್ಯ ಎರಡು ಗಂಟೆ ಮಲಗಿ ಎದ್ದು ಸ್ಟಿಯರಿಂಗ್ ಹಿಡಿದರು.

ಕರಾಡ ದಾಟಿ ಹತ್ತು ನಿಮಿಷವಾಗಿರಬಹುದು, ರಾತ್ರಿ ಎಂಟೂವರೆ. ಬಾನೆಟ್ಟಿನಿಂದ ಹೊಗೆ ಬಂತು. ಸಾತಾರಾ-ಕಾಗಲ್ ನಡುವೆ ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಇಡೀ ಸಂಜೆ ಡೈವರ್ಶನ್‌ಗಳ ಧೂಳಿನಲ್ಲಿ ನಿಂತು ನಿಂತು ಸಾಗಿದ್ದೆವು. ನಮ್ಮ ಹಳೆಯ ಕಾರಿನ ನೀರಿನ ಪಂಪು ಹೋಗಿತ್ತು. ಭಾನುವಾರ ರಾತ್ರಿ. ತಳ್ಳಿಕೊಂಡು ಹೋದ ಗ್ಯಾರೇಜಿನ ಯಜಮಾನ, ಬಿಡಿಭಾಗ ಬೆಳಿಗ್ಗೆ ಕೊಲ್ಹಾಪುರದಿಂದ ಬರಬೇಕು ಎಂದುಬಿಟ್ಟ. ಹತ್ತಿರದ ಲಾಡ್ಜಿನಲ್ಲಿ ಎರಡು ಕೋಣೆ. ಆ ರಾತ್ರಿ ಯಾರೂ ಹೆಚ್ಚು ಮಾತಾಡಲಿಲ್ಲ.

ಬೆಳಿಗ್ಗೆ ಗ್ಯಾರೇಜಿನಲ್ಲಿ ಕಾಯುತ್ತಿದ್ದಾಗ ಅಮ್ಮ ತಮ್ಮನನ್ನು ಗದರಿಸಿದ್ದು ಕೇಳಿ, ಕಾರಿನ ಕೆಳಗೆ ಮಲಗಿದ್ದ ಹುಡುಗ ಹೊರಗೆ ತಲೆ ಹಾಕಿದ. "ಅಕ್ಕಾರ, ನೀವ್ ಕನ್ನಡದವ್ರೇನ್ರಿ?" ವಯಸ್ಸು ನನ್ನಷ್ಟೇ ಇರಬೇಕು. ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನವನು, ಮಹಾರಾಷ್ಟ್ರದವನೇ. "ನಾಕನೇತ್ತಾ ತನಾ ಕನ್ನಡ ಸಾಲಿ, ಆಮ್ಯಾಲ ಮರಾಠಿ" ಎಂದ. 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಜತ್ತದ ನಲವತ್ತು ಹಳ್ಳಿಗಳ ಮಾತೆತ್ತಿದಾಗ ಅವನ ಊರಿಗೂ ಟಿ.ವಿ.ಯವರು ಬಂದಿದ್ದರಂತೆ. ಯಾವ ರಾಜ್ಯ ಬೇಕು ಎಂದು ಕೇಳಿದರಂತೆ. ಆ ಕಡೆಯ ಹಳ್ಳಿಗಳು ಬರದ ವರ್ಷಗಳಲ್ಲಿ, ನೀರು ಕೊಡದಿದ್ದರೆ ಕರ್ನಾಟಕಕ್ಕೆ ಹೋಗುತ್ತೇವೆಂದು ಠರಾವು ಮಾಡಿದ್ದು ಅದಕ್ಕೂ ಎಷ್ಟೋ ವರ್ಷ ಹಿಂದಿನ ಮಾತು. "ನೀರ್ ಯಾರ್ ಕೊಡ್ತಾರ, ಅವ್ರ ಕಡೆ ನಾವ್ರಿ" ಎಂದು ಹುಡುಗ ನಕ್ಕ.

ಗ್ರೀಸು ಮೆತ್ತಿದ ಅವನ ಬೆರಳಲ್ಲಿ ಶಾಯಿ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ತಮ್ಮ ಕೇಳಿಯೇಬಿಟ್ಟ. ಹುಡುಗ ಬಟ್ಟೆಯಲ್ಲಿ ಬೆರಳು ಒರೆಸಿ ತೋರಿಸಿದ. ಮೇ 6ರ ರಾತ್ರಿ ಎರಡು ಬಸ್ಸು ಬದಲಿಸಿ, ನೂರು ಕಿಲೋಮೀಟರಿಗೂ ಹೆಚ್ಚು ದೂರದ ಊರಿಗೆ ಹೋಗಿ, ಮತ ಹಾಕಿ, ಅದೇ ಸಂಜೆ ಹಿಂದಿರುಗಿದ್ದನಂತೆ. ಎರಡು ದಿನದ ಸಂಬಳ ಕಡಿತ. ಅಷ್ಟು ಕಷ್ಟಪಟ್ಟು ಯಾಕೆ ಹೋದೆ ಎಂದು ಅಪ್ಪಯ್ಯನೇ ಕೇಳಿದರು.

"ಹೋಗ್ಲಿಲ್ಲಂದ್ರ ನಾಳೆ ನೀರಿನ ಟ್ಯಾಂಕರ್ ಕೇಳಾಕ ಬಾಯಿ ಎಲ್ಲಿರ್ತೈತ್ರಿ ಕಾಕಾ?"

ಅಪ್ಪಯ್ಯ ಏನೂ ಹೇಳಲಿಲ್ಲ. ಮಜೂರಿಯ ಮೇಲೆ ಅವನ ಕೈಗೆ ಎಷ್ಟೋ ಇಡಲು ಹೋದರು, ಅವನು ತೆಗೆದುಕೊಳ್ಳಲಿಲ್ಲ.

ಕಾರು ಸರಿಯಾದದ್ದು ಮಧ್ಯಾಹ್ನ ಒಂದೂವರೆಗೆ. ಅಪ್ಪಯ್ಯ ಎಂದೂ ಓಡಿಸದಷ್ಟು ಜೋರಾಗಿ ಓಡಿಸಿದರು. ಅಮ್ಮ ಎರಡು ಸಲ ಗದರಿಸಿದರು. ಪುಣೆಯ ಟ್ರಾಫಿಕ್ ಒಂದು ಗಂಟೆ ತಿಂದಿತು. ಮೊಬೈಲಿನಲ್ಲಿ ನೆರೆಮನೆಯವರ ಸಂದೇಶಗಳು ಬರುತ್ತಲೇ ಇದ್ದವು: ಬಿಸಿಲಲ್ಲಿ ಎರಡು ಗಂಟೆಯಿಂದ ಸಾಲಿನಲ್ಲಿದ್ದೇವೆ, ಬಹಳ ನಿಧಾನ, ಆರರೊಳಗೆ ಗೇಟಿನೊಳಗೆ ಬಂದರೆ ಟೋಕನ್ ಕೊಡುತ್ತಾರೆ, ನೀವೆಲ್ಲಿ? ಆರು ಗಂಟೆಗೆ ನಾವು ಪನ್ವೇಲ್ ಕೂಡ ದಾಟಿರಲಿಲ್ಲ. ಗಡಿಯಾರ ನೋಡಿದ ಅಜ್ಜಿ ಕೈಚೀಲ ತೆರೆದು, ಮೇಲೆಯೇ ಇಟ್ಟುಕೊಂಡಿದ್ದ ತಮ್ಮ ಚೀಟಿಯನ್ನು ಔಷಧಿಗಳ ಕೆಳಗೆ ಇಟ್ಟು ಮುಚ್ಚಿದರು. ಅವರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅಪ್ಪಯ್ಯನಿಗೆ ಹಗುರವಾಗುತ್ತಿತ್ತೇನೋ.

ಜೂನ್ 4ರ ಸಂಜೆ ನಮ್ಮ ಕ್ಷೇತ್ರದ ಎಣಿಕೆ ಮುಗಿಯಲೇ ಇಲ್ಲ. ಹೋಟೆಲಿನ ಟಿ.ವಿ.ಯ ಮುಂದೆ ಜನ ಜಮಾಯಿ. ಮತಯಂತ್ರಗಳ ಎಣಿಕೆ ಮುಗಿದಾಗ ಅಮೋಲ್ ಕೀರ್ತಿಕರ್ ಒಂದೇ ಒಂದು ಮತದಿಂದ ಮುಂದಿದ್ದರು. ಒಂದು! ಅಂಚೆ ಮತಗಳು ಸೇರಿ, ಮರುಪರಿಶೀಲನೆಯಾಗಿ, ಕೊನೆಗೆ ಘೋಷಣೆಯಾದದ್ದು: ರವೀಂದ್ರ ವಾಯ್ಕರ್ 4,52,644, ಅಮೋಲ್ ಕೀರ್ತಿಕರ್ 4,52,596. ಅಂತರ 48. ಆ ಚುನಾವಣೆಯಲ್ಲಿ ಇಡೀ ದೇಶದಲ್ಲೇ ಅತಿ ಕಡಿಮೆ ಅಂತರ. ಹದಿನೇಳು ಲಕ್ಷಕ್ಕೂ ಹೆಚ್ಚು ಮತದಾರರ ಕ್ಷೇತ್ರದಲ್ಲಿ ಮತ ಹಾಕಿದವರು ನೂರಕ್ಕೆ ಸುಮಾರು 55. "ಯಾರೂ ಬೇಡ" ಎಂದವರೇ ಹದಿನೈದು ಸಾವಿರ ದಾಟಿದ್ದರು. ಸೋತವರು ಹೈಕೋರ್ಟಿಗೆ ಹೋದರು. ಡಿಸೆಂಬರಿನಲ್ಲಿ ಅರ್ಜಿ ವಜಾ ಆಯಿತು.

ಆ ರಾತ್ರಿ ಊಟದ ಹೊತ್ತಿಗೆ ಅಪ್ಪಯ್ಯ ತಾನಾಗಿ ಲೆಕ್ಕ ಶುರುಮಾಡಿದರು. "ಕಾಣ್, ನಾನೊಂದ್ ಕಡೆ, ನಿನ್ನಮ್ಮ ಒಂದ್ ಕಡೆ, ಅದ್ ಸೊನ್ನೆ. ನೀನೂ ಅಜ್ಜಿಯೂ ಒಂದೇ ಕಡೆ ಹಾಕಿದ್ರೂ ಎರಡ್. ನಲ್ವತ್ತೆಂಟ್ ಆತಿತ್ತಾ?" ಲೆಕ್ಕ ಸರಿಯೇ. ಆದರೆ ನಮ್ಮ ಕಟ್ಟಡದಲ್ಲೇ ಊರಿಗೆ ಹೋಗಿ 20ರೊಳಗೆ ಬಾರದ ಮನೆಗಳು ಐದಿದ್ದವು. ಅಪ್ಪಯ್ಯನ ಹೋಟೆಲಿನ ಹುಡುಗರಲ್ಲಿ ಯಾರ ಹೆಸರೂ ಅಂಧೇರಿಯ ಪಟ್ಟಿಯಲ್ಲಿಲ್ಲ, ಊರಿನ ಪಟ್ಟಿಯಲ್ಲಿದೆ, ಊರಿಗೆ ಹೋಗಲು ಅವರಿಗೆ ರಜೆ ಸಿಗುವುದಿಲ್ಲ. ರಜೆ ಕೊಡಬೇಕಾದವರು ಅಪ್ಪಯ್ಯನೇ. ಇದನ್ನು ನಾನು ಹೇಳಿದೆ. ಹೇಳಬಾರದಿತ್ತೇನೋ, ಆ ದಿನ ಊಟ ಅರ್ಧಕ್ಕೆ ನಿಂತಿತು. ಒಟ್ಟು ಎಷ್ಟು ಮತ, ಯಾವ ಕಡೆಗೆ, ನನಗೆ ಗೊತ್ತಿಲ್ಲ. ಫಲಿತಾಂಶ ಬದಲಾಗುತ್ತಿತ್ತೆಂದು ನಾನು ಹೇಳುತ್ತಿಲ್ಲ. ದಾರಿಯುದ್ದಕ್ಕೂ ಮಹಾಜನ್ ವರದಿ, ಬೆಳಗಾವಿ, ನಿಪ್ಪಾಣಿ ಎಂದು ಬೇರೆಯವರ ಮನೆಯ ಜಗಳಕ್ಕೆ ತೀರ್ಪು ಕೊಡುತ್ತಾ ಬಂದವರು ನಾವು. ನಮ್ಮ ರಸ್ತೆಯ ಗೋಖಲೆ ಸೇತುವೆ ಮುಚ್ಚಿದಾಗ ದಿನಾ ಒಂದು ಗಂಟೆ ರಿಕ್ಷಾದಲ್ಲಿ ಕೂತು ಬೈದದ್ದು ಬಿಟ್ಟು, ಅಂಧೇರಿಯ ಬಗ್ಗೆ ಆ ಕಾರಿನಲ್ಲಿ ಹತ್ತು ನಿಮಿಷ ಮಾತಾಡಿದ್ದು ನೆನಪಿಲ್ಲ.

ಅದೇ ವರ್ಷ ನವೆಂಬರ್ 20ಕ್ಕೆ ವಿಧಾನಸಭೆಯ ಚುನಾವಣೆ ಬಂತು. ದೀಪಾವಳಿಗೆ ಊರಿಗೆ ಹೋಗುವ ಮಾತನ್ನು ಅಪ್ಪಯ್ಯ ಎತ್ತಲೇ ಇಲ್ಲ. ಅದಕ್ಕೂ ಒಂದು ತಿಂಗಳು ಮೊದಲು, ಹೋಟೆಲಿನ ಹುಡುಗರಲ್ಲಿ ಇಬ್ಬರು ಹೆಸರು ವರ್ಗಾಯಿಸುವ ಅರ್ಜಿ ತುಂಬಿದ್ದರು, ಉಳಿದವರು, "ಊರಿನ ರೇಶನ್ ಹೋದರೆ?" ಎಂದು ಹೆದರಿ ಸುಮ್ಮನಾದರು. ಆ ಹೆದರಿಕೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮತದಾನದ ದಿನ ಹೋಟೆಲು ಮಧ್ಯಾಹ್ನದವರೆಗೆ ಬಂದ್. ಬೆಳಿಗ್ಗೆ ಆರೂಮುಕ್ಕಾಲಿಗೇ ನಾವು ಮುನ್ಸಿಪಾಲಿಟಿ ಶಾಲೆಯ ಗೇಟಿನಲ್ಲಿ. ಅಪ್ಪಯ್ಯ ಅಜ್ಜಿಗೆಂದು ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ಹೊತ್ತು ತಂದಿದ್ದರು. ಅಷ್ಟು ಹೊತ್ತಿಗಾಗಲೇ ನಮ್ಮ ಮುಂದೆ ಮೂವತ್ತು ಜನ.

ಒಳಗೆ ಶಾಯಿ ಹಾಕುವ ಹುಡುಗಿ ಅವಸರದಲ್ಲಿ ಅಜ್ಜಿಯ ಉಗುರಿನ ಮೇಲೆ ಒಂದು ಚುಕ್ಕೆ ಇಟ್ಟಳು. ಅಜ್ಜಿ ಬೆರಳು ಹಿಂದೆ ತೆಗೆಯಲಿಲ್ಲ. ಸರಿಯಾಗಿ, ಉದ್ದಕ್ಕೆ ಹಾಕು ಮಗಳೇ ಎಂದು ಮರಾಠಿಯಲ್ಲಿ ಹೇಳಿದರು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅಂಧೇರಿಯ ಮಾರ್ಕೆಟ್ಟಿನಲ್ಲಿ ಮೀನಿಗೆ ಚೌಕಾಸಿ ಮಾಡಿದ ಮರಾಠಿ ಅದು. ಮತ್ತೆ, ಇದು ನಮ್ಮ ಮೈಸೂರಿನಿಂದ ಬರುವ ಶಾಯಿ, ಗೊತ್ತುಂಟೋ ಎಂದು ಕೇಳಿದರು. ಹುಡುಗಿ ಬಾಟಲಿಯನ್ನು ತಿರುಗಿಸಿ ಅದರ ಚೀಟಿ ಓದಿದಳು. "ಹೋ ಆಜೀ, ಖರಂಚ್" ಎಂದು ನಕ್ಕು, ಇನ್ನೊಮ್ಮೆ ಕಡ್ಡಿ ಅದ್ದಿದಳು.